ಕಡಲು ಈಜಲು ತೋಳ್ಬಲವಷ್ಟೇ ಸಾಲದು

ವಿಜಯಪುರದ ಬಳಿಯ ತೊರವಿಗೂ ಕಡಲಿಗೂ ಬಲು ದೂರ. ಆದರೂ ಇಲ್ಲಿನ ಕವಿ ನರಹರಿ ‘ತೊರವೆ ರಾಮಾಯಣ’ದಲ್ಲಿ ಹನುಮನ ಸಮುದ್ರಲಂಘನವನ್ನು ಹಾಡಿದ್ದಾನೆ. ಲಂಕೆಗೂ ನಮಗೂ ನಡುವಿನ ಆ ಕಡಲನ್ನು 1966ರಲ್ಲಿ ಮಿಹಿರ್ ಸೇನ್ ಈಜಿಯೇ ದಾಟಿದರು. ತಲೈಮನ್ನಾರ್‌ನಿಂದ ಧನುಷ್ಕೋಟಿಗೆ ಅವರಿಗೆ ಹಿಡಿದದ್ದು 25 ಗಂಟೆ 36 ನಿಮಿಷ.

ಇಂಥ ಈಜಿನಲ್ಲಿ ದಣಿವಿಗಿಂತ ದೊಡ್ಡ ಶತ್ರು ಚಳಿ. ಫ್ರಾನ್ಸ್ ಮತ್ತು ಇಂಗ್ಲೆಂಡ್ ನಡುವಿನ ಇಂಗ್ಲಿಷ್ ಕಡಲ್ಗಾಲುವೆಯ ನೀರು ಬೇಸಿಗೆಯಲ್ಲೂ ಸುಮಾರು 15ರಿಂದ 18 ಡಿಗ್ರಿ ಸೆಲ್ಸಿಯಸ್. ಗಾಳಿಗಿಂತ ನೀರು ಬಹುಬೇಗ ಮೈಯ ಶಾಖವನ್ನು ಹೀರುತ್ತದೆ. ಮೈ ಅತಿಯಾಗಿ ತಣಿದರೆ ಬುದ್ಧಿಯೂ ಮಂಕಾಗುತ್ತದೆ. ಉಪ್ಪುನೀರಿಗೆ ನಾಲಿಗೆ ಊದುತ್ತದೆ, ಹೊಟ್ಟೆ ತೊಳಸುತ್ತದೆ. ಜೊತೆಗಿರುವ ದೋಣಿಯಿಂದ ಆಹಾರ ಪಡೆಯಬಹುದು. ಆದರೆ ಅದನ್ನು ಹಿಡಿದು ಸುಧಾರಿಸಿಕೊಳ್ಳುವಂತಿಲ್ಲ.

ಮನಸ್ಸಿನ ಪರೀಕ್ಷೆ ಇನ್ನೂ ಕಠಿಣ. ದಡ ಕಣ್ಣಿಗೆ ಬಿದ್ದರೂ ಸೆಳೆತ ಅತ್ತಿತ್ತ ತಳ್ಳುತ್ತದೆ. 1959ರ ಆಗಸ್ಟ್‌ನಲ್ಲಿ ಕಲ್ಕತ್ತೆಯ ಆರತಿ ಸಾಹಾ ಇಂಗ್ಲೆಂಡಿನ ದಡ ಸಮೀಪಿಸಿದ ಮೇಲೂ ಈಜು ನಿಲ್ಲಿಸಬೇಕಾಯಿತು. ಸೆಪ್ಟೆಂಬರ್ 29ರಂದು ಮತ್ತೆ ನೀರಿಗಿಳಿದರು. 16 ಗಂಟೆ 20 ನಿಮಿಷ ಈಜಿ, ಆ ಕಾಲುವೆ ದಾಟಿದ ಏಷ್ಯಾದ ಮೊದಲ ಮಹಿಳೆ ಎನಿಸಿದರು.

ಮೊದಲ ಸಲ ನಿಲ್ಲಿಸಿದ್ದು ಹೇಡಿತನವಲ್ಲ. ಅದರಿಂದಲೇ ಎರಡನೆಯ ಯತ್ನ ಉಳಿಯಿತು. ಬಾವಿ, ಕೆರೆಗಳಲ್ಲಿ ಈಜು ಕಲಿಯುವ ಮಕ್ಕಳಿಗೆ ಕೈ ಬೀಸುವುದರ ಜೊತೆಗೆ, ಯಾವಾಗ ದಡಕ್ಕೆ ಮರಳಬೇಕೆಂಬುದನ್ನೂ ಹಿರಿಯರು ಜೊತೆಗಿದ್ದು ಕಲಿಸಬೇಕು.