ಕಾರ್ಖಾನೆಯ ನಿಯಂತ್ರಕಕ್ಕೆ ಬರೆಯುವ ಭಾಷೆ: ಸ್ಟ್ರಕ್ಚರ್ಡ್ ಟೆಕ್ಸ್ಟ್

ಸಿ ಅಥವಾ ಪ್ಯಾಸ್ಕಲ್ ಭಾಷೆಯಲ್ಲಿ ನೀವು ಪ್ರೋಗ್ರಾಮ್ ಬರೆದಿದ್ದರೆ ಸ್ಟ್ರಕ್ಚರ್ಡ್ ಟೆಕ್ಸ್ಟ್ ಮೊದಲ ನೋಟಕ್ಕೇ ಪರಿಚಿತವೆನಿಸುತ್ತದೆ. ಇಫ್, ದೆನ್, ಫಾರ್, ವೈಲ್ ಎಲ್ಲವೂ ಇಲ್ಲಿವೆ. ಹೊಸಬರು ದಾರಿ ತಪ್ಪುವುದೂ ಈ ಪರಿಚಯದಿಂದಲೇ.

ಈ ಭಾಷೆ ಇರುವುದು ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್, ಅಂದರೆ ಪಿಎಲ್‌ಸಿಗಾಗಿ. ಮೊದಲು ಕಾರ್ಖಾನೆಗಳ ಯಂತ್ರಗಳನ್ನು ಕಪಾಟು ತುಂಬ ಜೋಡಿಸಿದ ರಿಲೇಗಳು ನಿಯಂತ್ರಿಸುತ್ತಿದ್ದವು. ಕೆಲಸದ ಕ್ರಮ ಬದಲಾದರೆ ತಂತಿಗಳನ್ನೆಲ್ಲ ಕಿತ್ತು ಮತ್ತೆ ಜೋಡಿಸಬೇಕಿತ್ತು. 1968ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆ ಇದಕ್ಕೆ ಬದಲಿ ಬೇಕೆಂದಾಗ ಡಿಕ್ ಮಾರ್ಲಿ ಮತ್ತು ಸಂಗಡಿಗರು 'ಮೋಡಿಕಾನ್ 084' ರೂಪಿಸಿದರು. ವಿದ್ಯುತ್ ಕೆಲಸಗಾರರಿಗೆ ಸುಲಭವಾಗಲೆಂದು ಪಿಎಲ್‌ಸಿಯ ಪ್ರೋಗ್ರಾಮನ್ನು ರಿಲೇ ಮಂಡಲದಂತೆಯೇ ಏಣಿಚಿತ್ರವಾಗಿ ಬರೆಯುವ ರೂಢಿ ಬಂತು. ಆದರೆ ಲೆಕ್ಕಾಚಾರ ಹೆಚ್ಚಾದಂತೆ ಏಣಿ ಉದ್ದವಾಗುತ್ತದೆ, ಓದುವುದು ಕಷ್ಟ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1993ರಲ್ಲಿ ಹೊರತಂದ ಪಿಎಲ್‌ಸಿ ಭಾಷೆಗಳ ಮಾನಕದಲ್ಲಿ ಏಣಿಚಿತ್ರದ ಜೊತೆಗೆ, ಪ್ಯಾಸ್ಕಲ್ ಹೋಲುವ ಸ್ಟ್ರಕ್ಚರ್ಡ್ ಟೆಕ್ಸ್ಟ್ ಕೂಡ ಸೇರಿತು.

ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಪಂಪನ್ನು ತೆಗೆದುಕೊಳ್ಳಿ. (ನಿಜವಾದ ಪ್ರೋಗ್ರಾಮಿನಲ್ಲಿ ಇಂಗ್ಲಿಷ್ ಅಕ್ಷರಗಳಿರುತ್ತವೆ, ಓದಲು ಅನುಕೂಲವಾಗಲೆಂದು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ.)

ಇಫ್ ಮಟ್ಟ < 20 ದೆನ್
  ಪಂಪ್ := ಟ್ರೂ;
ಎಲ್ಸಿಫ್ ಮಟ್ಟ > 90 ದೆನ್
  ಪಂಪ್ := ಫಾಲ್ಸ್;
ಎಂಡ್_ಇಫ್;
ಇಫ್ ನಾಟ್ ಸಂಪಿನಲ್ಲಿ_ನೀರಿದೆ ದೆನ್
  ಪಂಪ್ := ಫಾಲ್ಸ್;
ಎಂಡ್_ಇಫ್;

:= ಎಂದರೆ ಬಲಗಡೆಯ ಬೆಲೆಯನ್ನು ಎಡಗಡೆಯ ಹೆಸರಿಗೆ ಕೊಡು ಎಂದರ್ಥ. ಬರಿಯ = ಹೋಲಿಕೆಗೆ ಮಾತ್ರ. ಪ್ರತಿ ಆದೇಶದ ಕೊನೆಗೆ ಅರ್ಧವಿರಾಮ ಕಡ್ಡಾಯ. ವ್ಯಾಕರಣ ಇಷ್ಟು ತಿಳಿದರೆ ಸದ್ಯಕ್ಕೆ ಸಾಕು. ಮಟ್ಟ ಶೇಕಡಾ 20 ಮತ್ತು 90ರ ನಡುವೆ ಇದ್ದಾಗ ಮೊದಲ ಇಫ್ ಏನನ್ನೂ ಹೇಳುವುದಿಲ್ಲ. ಆಗ ಪಂಪ್ ಹಿಂದಿನ ಸ್ಥಿತಿಯಲ್ಲೇ ಉಳಿಯುತ್ತದೆ. ಬೇಕಾದದ್ದೂ ಅದೇ.

ಮುಖ್ಯ ಸಂಗತಿ ಈಗ ಬರುತ್ತದೆ. ಪಿಎಲ್‌ಸಿ ಈ ಪ್ರೋಗ್ರಾಮನ್ನು ಒಂದು ಸಲ ನಡೆಸಿ ಸುಮ್ಮನಾಗುವುದಿಲ್ಲ. ಮೊದಲು ಎಲ್ಲ ಸಂವೇದಕಗಳನ್ನು ಓದಿ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತದೆ, ಪ್ರೋಗ್ರಾಮನ್ನು ಮೇಲಿನಿಂದ ಕೆಳಗೆ ನಡೆಸುತ್ತದೆ, ಕೊನೆಗೆ ಫಲಿತಾಂಶವನ್ನು ಪಂಪಿಗೆ ಕಳಿಸುತ್ತದೆ. ಮತ್ತೆ ಮೊದಲಿನಿಂದ ಶುರು. ಇಂಥ ಒಂದು ಸುತ್ತಿಗೆ 10 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ 100 ಸುತ್ತು.

ಇದು ತಿಳಿಯದವರು 'ಟ್ಯಾಂಕ್ ತುಂಬುವವರೆಗೆ ಕಾಯಿ' ಎಂದು ಹೇಳಲು ಹೀಗೆ ಬರೆಯುತ್ತಾರೆ:

ವೈಲ್ ಮಟ್ಟ < 90 ಡೂ
  ಪಂಪ್ := ಟ್ರೂ;
ಎಂಡ್_ವೈಲ್;

ಏನಾಗುತ್ತದೆ, ಯೋಚಿಸಿ. ಮಟ್ಟವನ್ನು ಓದಿದ್ದು ಸುತ್ತಿನ ಆರಂಭದಲ್ಲಿ. ಸುತ್ತು ಮುಗಿಯದೆ ಹೊಸ ಮಟ್ಟ ಬರದು. ಹೊಸ ಮಟ್ಟ ಬರದೆ ವೈಲ್ ಮುಗಿಯದು. ಪಂಪ್ ಚಾಲೂ ಆಗುವುದೇ ಇಲ್ಲ, ಏಕೆಂದರೆ ಹೊರಕ್ಕೆ ಆದೇಶ ಹೋಗುವುದು ಸುತ್ತಿನ ಕೊನೆಯಲ್ಲಿ! ಅಷ್ಟರಲ್ಲಿ ವಾಚ್‌ಡಾಗ್ ಎಂಬ ಕಾವಲು ಟೈಮರ್ ಗೊತ್ತಾದ ಅವಧಿ ಮೀರಿತೆಂದು ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಅದೇ ಪಿಎಲ್‌ಸಿ ಬೇರೆ ಯಂತ್ರಗಳನ್ನೂ ನೋಡಿಕೊಳ್ಳುತ್ತಿದ್ದರೆ ಅವೂ ನಿಂತಂತೆಯೇ. ಕಾಯುವ ಕೆಲಸಕ್ಕೆ ಇಫ್ ಸಾಕು. ಕಾಯುವುದನ್ನು ಸುತ್ತುಗಳೇ ಮಾಡುತ್ತವೆ. ಹತ್ತು ಅಳತೆಗಳ ಸರಾಸರಿ ತೆಗೆಯುವಂಥ, ಎಣಿಕೆ ಮೊದಲೇ ಗೊತ್ತಿರುವ ಕೆಲಸಕ್ಕೆ ಫಾರ್ ಬಳಸಲು ಅಡ್ಡಿಯಿಲ್ಲ.

ಆದೇಶಗಳ ಕ್ರಮವೂ ಅಷ್ಟೇ ಮುಖ್ಯ. ಒಂದೇ ಸುತ್ತಿನಲ್ಲಿ ಪಂಪಿಗೆ ಎರಡು ಬೆಲೆ ಕೊಟ್ಟರೆ ಕೊನೆಯದೇ ಹೊರಕ್ಕೆ ಹೋಗುತ್ತದೆ. ಆದ್ದರಿಂದಲೇ ಸಂಪಿನ ಪರೀಕ್ಷೆ ಕೆಳಗಿದೆ. ಅದನ್ನು ಮೇಲಕ್ಕೆ ಒಯ್ದರೆ, ಸಂಪು ಬರಿದಾಗಿದ್ದರೂ ಟ್ಯಾಂಕಿನ ಮಟ್ಟ 20ಕ್ಕಿಂತ ಕಡಿಮೆ ಎಂಬ ಕಾರಣಕ್ಕೆ ಪಂಪ್ ಓಡುತ್ತದೆ, ನೀರಿಲ್ಲದೆ ಬಿಸಿಯಾಗಿ ಅದರ ಸೀಲು ಸುಟ್ಟುಹೋಗಬಹುದು.

'ಸಂಪು_ಖಾಲಿ' ಎನ್ನದೆ 'ಸಂಪಿನಲ್ಲಿ_ನೀರಿದೆ' ಎಂದದ್ದೇಕೆ? ನೀರಿದ್ದಾಗ ಮಂಡಲ ಪೂರ್ಣವಾಗುವ ಸ್ವಿಚ್ಚನ್ನು ಇಲ್ಲಿ ಬಳಸಿದೆ. ಇಲಿ ತಂತಿ ಕಡಿದರೂ ಪಿಎಲ್‌ಸಿಗೆ 'ನೀರಿಲ್ಲ' ಎಂದೇ ಕಾಣುತ್ತದೆ, ಪಂಪ್ ನಿಲ್ಲುತ್ತದೆ. ಇನ್ನು ಮನುಷ್ಯರಿಗೆ ಅಪಾಯವಿರುವ ಕಡೆ ತುರ್ತು ನಿಲುಗಡೆಯ ಗುಂಡಿಯನ್ನು ಸಾಮಾನ್ಯ ಪಿಎಲ್‌ಸಿಯ ಪ್ರೋಗ್ರಾಮಿಗೆ ಮಾತ್ರ ಒಪ್ಪಿಸುವಂತಿಲ್ಲ. ಅದಕ್ಕೆ ಸುರಕ್ಷತೆಗೆಂದೇ ಮಾಡಿದ ಪ್ರತ್ಯೇಕ ಏರ್ಪಾಡು ಬೇಕು.

ಕಲಿಯಲು ಪಿಎಲ್‌ಸಿ ಕೊಳ್ಳಬೇಕಿಲ್ಲ. ಕೋಡೆಸಿಸ್ ಎಂಬ ತಂತ್ರಾಂಶದಲ್ಲಿ ಅನುಕರಣೆಯ ಸೌಲಭ್ಯವಿದೆ. ಮೇಲಿನ ಎರಡು ಇಫ್‌ಗಳನ್ನು ಅದಲುಬದಲು ಮಾಡಿ, ಮಟ್ಟಕ್ಕೆ 15 ಕೊಟ್ಟು, ಸಂಪನ್ನು ಬರಿದು ಮಾಡಿ ನೋಡಿ.