ಜ್ವರ ನೆತ್ತಿಗೇರಿದಾಗ ಗಡಿಯಾರ ನೋಡಿ

1998ರ ಜುಲೈ ತಿಂಗಳು. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಹೊರಗೆ ಬಿಡದೆ ಸುರಿಯುವ ಮಳೆ. ಸಂಜೆಯೇ ಕರೆಂಟ್ ಹೋಗಿತ್ತು. ಹದಿನಾಲ್ಕು ತಿಂಗಳ ಮಗಳಿಗೆ ನೆಗಡಿ, ಜ್ವರ. ತಾಯಿಯ ಮಡಿಲಲ್ಲಿ ಮಲಗಿದ್ದ ಮಗು ಇದ್ದಕ್ಕಿದ್ದಂತೆ ಸೆಟೆದುಕೊಂಡಿತು. ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡವು. ಕೈಕಾಲು ಒಂದೇ ಸಮನೆ ಅದುರತೊಡಗಿದವು. ಬಾಯಂಚಿನಲ್ಲಿ ನೊರೆ ಬಂತು, ತುಟಿ ನೀಲಿಗಟ್ಟಿತು.

"ಅಯ್ಯೋ, ಮಗು ಹೋಯ್ತು" ಎಂದು ಹೆಂಡತಿ ಚೀರಿದಳು. ಪಕ್ಕದ ಮನೆಯ ಅಜ್ಜಿ ಲಾಟೀನು ಹಿಡಿದು ಓಡಿಬಂದರು. "ಜ್ವರ ನೆತ್ತಿಗೇರಿದೆ ಮೇಷ್ಟ್ರೇ, ಕೈಗೆ ಕಬ್ಬಿಣ ಕೊಡಿ" ಎಂದರು. ಬೀಗದ ಕೈ ಬಂತು. ಜಜ್ಜಿದ ಈರುಳ್ಳಿಯೂ ಬಂತು. ವಿಜ್ಞಾನ ಓದಿದ ನಾನು ಮಾಡಿದ್ದೇನು? ನಾಲಗೆ ಕಚ್ಚಿಕೊಂಡೀತೆಂದು ಸ್ಟೀಲ್ ಚಮಚವನ್ನು ಮಗುವಿನ ಬಾಯಿಗೆ ತುರುಕಲು ಹೋದೆ. ವಸಡು ಹರಿದು ರಕ್ತ ಬಂತು. ಅಷ್ಟರಲ್ಲಿ ಅದುರುವುದು ತಾನಾಗಿ ನಿಂತಿತು. ಮಗು ದೀರ್ಘವಾಗಿ ಉಸಿರೆಳೆದು ನಿದ್ದೆಗೆ ಜಾರಿತು.

ಪರಿಚಯದವರ ಜೀಪಿನಲ್ಲಿ ಆಸ್ಪತ್ರೆಗೆ ಹೋದೆವು. ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಎಷ್ಟು ನಿಮಿಷ ಬಂದಿತ್ತು?" "ಅರ್ಧ ಗಂಟೆ ಸಾರ್" ಎಂದೆ ನಾನು. "ಹತ್ತು ನಿಮಿಷ" ಎಂದಳು ಹೆಂಡತಿ. ಜೊತೆಗೆ ಬಂದಿದ್ದ ಅಜ್ಜಿ, "ಒಂದು ಎಲೆ ಅಡಿಕೆ ಹಾಕುವಷ್ಟು ಹೊತ್ತೂ ಇಲ್ಲ ಡಾಕ್ಟ್ರೇ" ಎಂದರು. ಅಜ್ಜಿಯ ಲೆಕ್ಕವೇ ಸರಿಯಿದ್ದಿರಬೇಕು. ಲೋಲಕದ ಆಂದೋಲನಕ್ಕೆ ಎಷ್ಟು ಸೆಕೆಂಡ್ ಎಂದು ಮಕ್ಕಳಿಗೆ ಅಳೆಯಲು ಕಲಿಸುತ್ತಿದ್ದ ನನ್ನ ಕೈಯಲ್ಲಿ ಗಡಿಯಾರವಿತ್ತು. ಆ ರಾತ್ರಿ ನಾನು ಅದನ್ನು ನೋಡಲೇ ಇಲ್ಲ.

ಏನಿದು?

ಇದು ಜ್ವರದ ಸೆಳೆತ. ವೈದ್ಯರು 'ಫೆಬ್ರೈಲ್ ಸೀಷರ್' ಎನ್ನುತ್ತಾರೆ. ಸಾಮಾನ್ಯವಾಗಿ ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಬರುತ್ತದೆ. ಅಮೆರಿಕ ಮತ್ತು ಯುರೋಪಿನಲ್ಲಿ 100 ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಒಮ್ಮೆಯಾದರೂ ಬರುತ್ತದೆಂದು ಲೆಕ್ಕ. ಜಪಾನಿನಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಕೆಲವೊಮ್ಮೆ ಸೆಳೆತ ಬಂದ ಮೇಲೆಯೇ ಮಗುವಿಗೆ ಜ್ವರವಿದೆ ಎಂದು ಮನೆಯವರಿಗೆ ತಿಳಿಯುವುದುಂಟು.

ನಮ್ಮ ಮಿದುಳಿನ ನರಕೋಶಗಳು ಸೂಕ್ಷ್ಮ ವಿದ್ಯುತ್ ಸಂಕೇತಗಳ ಮೂಲಕ ಮಾತನಾಡುತ್ತವೆ. ಕೋಶದ ಪೊರೆಯಲ್ಲಿರುವ ಪುಟ್ಟ ಬಾಗಿಲುಗಳ ಮೂಲಕ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಒಳಹೊರಗೆ ಓಡಾಡುವುದರಿಂದ ಈ ಸಂಕೇತ ಹುಟ್ಟುತ್ತದೆ. ದೇಹದ ಉಷ್ಣತೆ ಏರಿದಾಗ ಈ ಬಾಗಿಲುಗಳ ವರ್ತನೆ ಬದಲಾಗುತ್ತದೆ. ಎಳೆಯ ಮಿದುಳಿನಲ್ಲಿ ಸಂಕೇತಗಳಿಗೆ ಕಡಿವಾಣ ಹಾಕುವ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲ. ಒಬ್ಬೊಬ್ಬರಾಗಿ ಉತ್ತರಿಸಬೇಕಾದ ತರಗತಿಯ ಮಕ್ಕಳೆಲ್ಲ ಒಟ್ಟಿಗೇ ಮಗ್ಗಿ ಕೂಗತೊಡಗಿದರೆ ಪಾಠ ನಡೆಯುವುದುಂಟೇ? ಸೆಳೆತವೆಂದರೆ ಹೀಗೆಯೇ. ಕೂಗಿ ಕೂಗಿ ತರಗತಿ ಸುಮ್ಮನಾದಂತೆ, ಸೆಳೆತದ ನಂತರ ಮಗು ನಿದ್ರಿಸುತ್ತದೆ.

ಬಹುತೇಕ ಜ್ವರದ ಸೆಳೆತಗಳು ಕೆಲವೇ ನಿಮಿಷಗಳಲ್ಲಿ ತಾವಾಗಿ ನಿಲ್ಲುತ್ತವೆ. ಕಬ್ಬಿಣ, ಈರುಳ್ಳಿಗಳಿಗೆ ಕೀರ್ತಿ ಬಂದಿರುವುದು ಇದರಿಂದಲೇ. ಬೀಗದ ಕೈ ಹುಡುಕಿ ತರುವಷ್ಟರಲ್ಲಿ ಸೆಳೆತ ಮುಗಿಯುವ ಹೊತ್ತಾಗಿರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಹಾಗೆ! ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು. ಒಂದರ ನಂತರ ಮತ್ತೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗದು.

ತಂದೆತಾಯಿ ಮಾಡಬೇಕಾದ್ದು

ಮೊದಲು ಗಡಿಯಾರ ನೋಡಿ. ಮಗುವನ್ನು ನೆಲದ ಮೇಲೆ ಅಥವಾ ಅಗಲವಾದ ಹಾಸಿಗೆಯ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಆಗ ಜೊಲ್ಲು, ವಾಂತಿ ಶ್ವಾಸನಾಳಕ್ಕೆ ಇಳಿಯದೆ ಹೊರಗೆ ಬರುತ್ತದೆ. ಕುತ್ತಿಗೆಯ ಬಟ್ಟೆ ಸಡಿಲಿಸಿ. ಕೈಕಾಲುಗಳನ್ನು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬೆರಳು, ನೀರು, ಔಷಧಿ ಏನನ್ನೂ ಹಾಕಬೇಡಿ. ನಾಲಗೆಯ ಬುಡ ಬಾಯಿಯ ತಳಕ್ಕೆ ಅಂಟಿಕೊಂಡಿರುವುದರಿಂದ ಮಗು ಅದನ್ನು ನುಂಗಲಾರದು. ಚಮಚದಿಂದ ಮುರಿದ ಹಲ್ಲು ಮಾತ್ರ ಶ್ವಾಸನಾಳ ಸೇರಬಲ್ಲದು. ತಣ್ಣೀರಿನಲ್ಲಿ ಮುಳುಗಿಸುವುದೂ ಬೇಡ.

ಸೆಳೆತ ಐದು ನಿಮಿಷ ದಾಟಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಒಂದೇ ದಿನದಲ್ಲಿ ಮತ್ತೆ ಬಂದರೆ, ದೇಹದ ಒಂದೇ ಭಾಗ ಅದುರಿದರೆ, ಉಸಿರಾಟಕ್ಕೆ ಕಷ್ಟವಾದರೆ, ಸೆಳೆತ ನಿಂತ ಮೇಲೂ ಮಗು ಎಚ್ಚರಗೊಳ್ಳದಿದ್ದರೆ, ಕತ್ತು ಬಿಗಿದಿದ್ದರೆ, ಮಗುವಿಗೆ ಆರು ತಿಂಗಳೂ ತುಂಬಿರದಿದ್ದರೆ ಕೂಡಲೇ ಆಸ್ಪತ್ರೆ ಸೇರಬೇಕು. ಮಿದುಳು ಪೊರೆಯ ಸೋಂಕಿನಂಥ ಗಂಭೀರ ಕಾಯಿಲೆಯೂ ಹೀಗೆ ಕಾಣಿಸಿಕೊಳ್ಳಬಹುದು. ಮೊದಲ ಸಲ ಬಂದ ಸೆಳೆತ ಎರಡೇ ನಿಮಿಷದಲ್ಲಿ ನಿಂತರೂ ಅಂದೇ ವೈದ್ಯರಿಗೆ ತೋರಿಸಲೇಬೇಕು.

ಪ್ಯಾರಾಸಿಟಮಾಲ್ ಜ್ವರದ ಬಾಧೆಯನ್ನು ತಗ್ಗಿಸುತ್ತದೆ. ಆದರೆ ಅದು ಸೆಳೆತವನ್ನು ತಡೆದೇ ತಡೆಯುತ್ತದೆ ಎಂಬ ಖಾತ್ರಿಯಿಲ್ಲ. ಆದ್ದರಿಂದ 'ಹೊತ್ತಿಗೆ ಸರಿಯಾಗಿ ಔಷಧಿ ಕೊಡಲಿಲ್ಲ' ಎಂದು ತಾಯಿಯನ್ನು ದೂರುವುದು ಅನ್ಯಾಯ.

ಬುದ್ಧಿ ಮಂಕಾಗುವುದೇ?

"ಮುಂದೆ ಓದು ಹತ್ತುತ್ತದೆಯೇ ಡಾಕ್ಟ್ರೇ?" ಎಂದು ಅಂದು ನನ್ನ ಹೆಂಡತಿ ಕೇಳಿದ್ದಳು. ಬ್ರಿಟನ್ನಿನಲ್ಲಿ 1970ರ ಏಪ್ರಿಲ್ ತಿಂಗಳ ಒಂದು ವಾರದಲ್ಲಿ ಹುಟ್ಟಿದ ಸಾವಿರಾರು ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಲಾಯಿತು. ಅವರಲ್ಲಿ ಜ್ವರದ ಸೆಳೆತ ಬಂದಿದ್ದ 381 ಮಕ್ಕಳನ್ನು ಹತ್ತನೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಓದು, ಬುದ್ಧಿ, ನಡತೆಗಳಲ್ಲಿ ಒಟ್ಟಾರೆಯಾಗಿ ಉಳಿದ ಮಕ್ಕಳಿಗೆ ಸರಿಸಮವಾಗಿದ್ದರು. ಈ ವರದಿ ಪ್ರಕಟವಾದದ್ದು 1998ರಲ್ಲಿ, ನನ್ನ ಮಗಳಿಗೆ ಸೆಳೆತ ಬಂದ ವರ್ಷವೇ! ನಮಗದು ಗೊತ್ತಿರಲಿಲ್ಲ. ಅವಳು ಐದು ವರ್ಷ ದಾಟುವವರೆಗೂ ಸಣ್ಣ ಜ್ವರಕ್ಕೂ ರಾತ್ರಿಯಿಡೀ ಎಚ್ಚರವಿದ್ದೆವು.

ಒಮ್ಮೆ ಬಂದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಕ್ಕಳಿಗೆ ಇನ್ನೊಂದು ಜ್ವರದಲ್ಲಿ ಮತ್ತೆ ಬರಬಹುದು. ಅದು ಮುಂದೆ ಮೂರ್ಛೆ ರೋಗವಾಗುವುದು ಅಪರೂಪ. ಮನೆತನದಲ್ಲಿ ಬರುವ ಒಲವು ಮಾತ್ರ ಇದೆ. ಅದಕ್ಕೇ ಮಗಳ ಬಾಣಂತನದಲ್ಲಿ, "ನಿನಗೆ ಬಂದಿತ್ತು, ನಿನ್ನ ಮಗುವಿಗೂ ಬರಬಹುದು" ಎಂದು ಮೇಲಿನದೆಲ್ಲವನ್ನೂ ಹೇಳಿಕೊಟ್ಟೆ. "ಮನೆಯಲ್ಲೂ ಪಾಠವಾ ಅಪ್ಪ?" ಎಂದು ನಕ್ಕಿದ್ದಳು.

2024ರ ಒಂದು ರಾತ್ರಿ ಬೆಂಗಳೂರಿನಿಂದ ಅವಳ ಫೋನ್ ಬಂತು. ದನಿ ನಡುಗುತ್ತಿತ್ತು. "ಅಪ್ಪ, ಪುಟ್ಟನಿಗೆ ಫಿಟ್ಸ್ ಬಂತು. ಮಗ್ಗುಲಿಗೆ ಮಲಗಿಸಿದೆ. ಇವರು ಮೊಬೈಲಿನಲ್ಲಿ ವಿಡಿಯೊ ತೆಗೆದರು. ಈಗ ಆಸ್ಪತ್ರೆಯಲ್ಲಿದ್ದೇವೆ, ಮಲಗಿದ್ದಾನೆ."

"ಎಷ್ಟು ಹೊತ್ತು ಬಂದಿತ್ತಮ್ಮಾ?" ಎಂದೆ.

"ಎರಡು ನಿಮಿಷ ಹತ್ತು ಸೆಕೆಂಡ್" ಎಂದವಳು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.