ದ್ವೀಪವೊಂದರಲ್ಲಿ ಗಾಳಿ ಮತ್ತು ನೀರಿನಿಂದ ವಿದ್ಯುಚ್ಛಕ್ತಿ

ಗಾಳಿಯಿಂದ ವಿದ್ಯುಚ್ಛಕ್ತಿಯನ್ನು ಉತ್ಪತ್ತಿ ಮಾಡುವುದು ಅಷ್ಟೇನೂ ಕಷ್ಟವಲ್ಲ. ಅದನ್ನು ಏಕರೀತಿಯಾಗಿ ಒದಗಿಸುವುದೇ ಕಷ್ಟ. ದೊಡ್ಡ ದೇಶಗಳಲ್ಲಿ ಅನೇಕ ಉತ್ಪಾದನಾಗಾರಗಳನ್ನು ತಂತಿಗಳಿಂದ ಒಂದಕ್ಕೊಂದು ಸೇರಿಸಿರುವುದರಿಂದ, ಒಂದೆಡೆ ಗಾಳಿ ನಿಂತರೆ ಮತ್ತೊಂದೆಡೆಯಿಂದ ಆ ಕೊರತೆಯನ್ನು ತುಂಬಬಹುದು. ನಡುಗಡಲಿನ ಸಣ್ಣ ದ್ವೀಪಕ್ಕೆ ಈ ಅನುಕೂಲವಿಲ್ಲ.

ಸ್ಪೇನ್ ದೇಶಕ್ಕೆ ಸೇರಿದ ಕೆನರಿ ದ್ವೀಪಗಳಲ್ಲಿ ಎಲ್ ಹಿಯೆರ್ರೊ ಎಂಬುದು ಇಂತಹುದೊಂದು. ಅಲ್ಲಿ ಸುಮಾರು 11,000 ಜನರಿದ್ದಾರೆ. ಬಾಳೆ, ಅನಾನಸು, ದ್ರಾಕ್ಷಿ ಮುಖ್ಯ ಬೆಳೆಗಳು. ಮೊದಲು ಹಡಗಿನಲ್ಲಿ ತರಿಸಿದ ಎಣ್ಣೆಯಿಂದಲೇ ಅಲ್ಲಿನ ವಿದ್ಯುದ್ಯಂತ್ರಗಳು ನಡೆಯುತ್ತಿದ್ದುವು. 2014ರಲ್ಲಿ ಹೊಸ ಏರ್ಪಾಡು ಆರಂಭವಾಯಿತು. ತಲಾ 2,300 ಕಿಲೋವಾಟ್ ಶಕ್ತಿಯ ಐದು ಗಾಳಿಯಂತ್ರಗಳನ್ನು ನಿಲ್ಲಿಸಿ, ಆರಿದ ಜ್ವಾಲಾಮುಖಿಯ ಬಾಯಿಯಲ್ಲಿ ಒಂದು ಜಲಾಶಯವನ್ನೂ, ಅದಕ್ಕಿಂತ ಸುಮಾರು 650 ಮೀಟರು ಕೆಳಗೆ ಇನ್ನೊಂದನ್ನೂ ಕಟ್ಟಿದರು. ಗಾಳಿ ಹೆಚ್ಚಾದಾಗ ಪಂಪುಗಳು ನೀರನ್ನು ಮೇಲಕ್ಕೆತ್ತುತ್ತವೆ. ಗಾಳಿ ಕುಗ್ಗಿದಾಗ ಅದೇ ನೀರು ಕೊಳವೆಗಳಲ್ಲಿ ಇಳಿದು ಜಲಚಕ್ರಗಳನ್ನು ತಿರುಗಿಸುತ್ತದೆ.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದುಂಟು. ನಮ್ಮ ದೇಶದಲ್ಲಿರುವಂತೆ ಅಲ್ಲಿಯೂ ವಿದ್ಯುತ್ಪ್ರವಾಹವು ಸೆಕೆಂಡಿಗೆ 50 ಆವರ್ತಗಳಲ್ಲಿ ನಡೆಯಬೇಕು. ಹೊರೆ ಹೆಚ್ಚಿದೊಡನೆ ಗಾಣದ ಎತ್ತಿನ ನಡಿಗೆ ನಿಧಾನವಾಗುವಂತೆ, ಬೇಡಿಕೆಯು ಉತ್ಪತ್ತಿಯನ್ನು ಮೀರಿದರೆ ಈ ಸಂಖ್ಯೆ ಇಳಿಯುತ್ತದೆ. ಬಹಳ ಇಳಿದರೆ ಯಂತ್ರಗಳು ತಮ್ಮ ರಕ್ಷಣೆಗಾಗಿ ತಾವೇ ಕಳಚಿಕೊಂಡು ಇಡೀ ದ್ವೀಪವು ಕತ್ತಲಾಗುತ್ತದೆ. ಗಾಳಿಯಾದರೋ ಕೆಲವೇ ಸೆಕೆಂಡುಗಳಲ್ಲಿ ಬದಲಾಗುವಂತಹುದು. ಆದಕಾರಣ ಗಾಳಿ ಸಾಕಷ್ಟಿದ್ದರೂ ಜಲಚಕ್ರಗಳನ್ನು ತಿರುಗುತ್ತಲೇ ಇಡುತ್ತಾರೆ. ಅವುಗಳ ಭಾರವಾದ ಚಲನೆಯು ಹಠಾತ್ತಾದ ಏರಿಳಿತವನ್ನು ತಡೆಯುತ್ತದೆ. ಅದೇ ವೇಳೆಯಲ್ಲಿ ಪಂಪುಗಳೂ ನಡೆಯುತ್ತಿರುತ್ತವೆ. ಒಂದು ಕಡೆ ನೀರನ್ನು ಏರಿಸುತ್ತ ಇನ್ನೊಂದು ಕಡೆ ಇಳಿಸುವುದು ನೋಡುವವರಿಗೆ ಅವಿವೇಕವಾಗಿ ಕಂಡೀತು; ಹಾಗೆ ನಷ್ಟವಾಗುವ ಶಕ್ತಿಯೇ ಸ್ಥಿರತೆಗೆ ತೆರುವ ಬೆಲೆ. ಕೆಲವು ಪಂಪುಗಳ ವೇಗವನ್ನು ಹೆಚ್ಚುಕಡಿಮೆ ಮಾಡಬಹುದಾದುದರಿಂದ ಹೊರೆಯನ್ನು ಗಾಳಿಗೆ ಸರಿಹೊಂದಿಸುವುದಕ್ಕೂ ಸಾಧ್ಯವಾಗಿದೆ.

ಏರ್ಪಾಡು ಲೋಪರಹಿತವಾದುದೆಂದು ಮಾತ್ರ ಹೇಳಲಾಗದು. ಮೇಲಿನ ಜಲಾಶಯದಲ್ಲಿ 3,80,000 ಘನಮೀಟರು ನೀರು ಹಿಡಿಯುತ್ತದೆ. ಕೆಳಗಿನದರಲ್ಲಿ 1,50,000 ಮಾತ್ರ. ಇಳಿದ ನೀರಿಗೆ ಕೆಳಗೆ ಸ್ಥಳವಿಲ್ಲದಿದ್ದರೆ ಮೇಲಿನ ಸಂಗ್ರಹದಿಂದ ಪ್ರಯೋಜನವೇನು? ಒಂದು ಘನಮೀಟರು ನೀರು ಅಷ್ಟು ಎತ್ತರದಿಂದ ಇಳಿದರೆ ಸುಮಾರು ಒಂದೂವರೆ ಯೂನಿಟ್ ವಿದ್ಯುತ್ತು ದೊರೆಯುತ್ತದೆ. ಈ ಲೆಕ್ಕದಂತೆ ಕೆಳಗಿನ ಜಲಾಶಯವು ಒಮ್ಮೆ ತುಂಬುವಷ್ಟರಲ್ಲಿ ಬರುವುದು ಎರಡೂಕಾಲು ಲಕ್ಷ ಯೂನಿಟ್. ಇದು ದ್ವೀಪಕ್ಕೆ ಎರಡು ದಿನಗಳಿಗಿಂತ ಹೆಚ್ಚು ಸಾಲದು. ಗಾಳಿ ನಿಂತು ಮೂರನೆಯ ದಿನವಾದರೆ ಎಣ್ಣೆಯ ಯಂತ್ರಗಳೇ ಗತಿ. ಬಿರುಗಾಳಿಯ ಕಾಲದಲ್ಲಾದರೋ ಇದಕ್ಕೆ ವಿರೋಧವಾಗಿ ಗಾಳಿಯಂತ್ರಗಳನ್ನೇ ತಡೆದಿಡಬೇಕಾಗುತ್ತದೆ.

2019ರ ಬೇಸಗೆಯಲ್ಲಿ ಮೂರು ವಾರಗಳಿಗೂ ಹೆಚ್ಚು ಕಾಲ ಎಣ್ಣೆಯ ಯಂತ್ರಗಳನ್ನು ಚಾಲನೆ ಮಾಡದೆಯೇ ದ್ವೀಪವು ನಡೆಯಿತು. ವರ್ಷದ ಒಟ್ಟು ಲೆಕ್ಕದಲ್ಲಿ ಗಾಳಿ ಮತ್ತು ನೀರಿನ ಪಾಲು ಸುಮಾರು ಅರ್ಧದಷ್ಟು. ಜಲಾಶಯಗಳ ನೀರು ಸಹ ಉಪ್ಪನ್ನು ತೆಗೆದ ಸಮುದ್ರದ ನೀರೇ ಆದುದರಿಂದ, ಬಿಸಿಲಿಗೆ ಆವಿಯಾಗಿ ಹೋದುದನ್ನು ತುಂಬುವುದಕ್ಕೂ ವಿದ್ಯುಚ್ಛಕ್ತಿಯನ್ನೇ ವೆಚ್ಚ ಮಾಡಬೇಕಾಗಿದೆ.